ಅತ್ತೆಯನ್ನು ಹುಡುಕಲು ತಂದ ಅನುಮತಿ

ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಡ್ರೋನ್ ವಿಷಯಕ್ಕೆ ನಾನೇ ಪಂಡಿತೆ. ನಾನು ಮದ್ದೂರಿನಲ್ಲಿ ಇತಿಹಾಸ ಪಾಠ ಮಾಡುವವಳು, ನನಗೂ ಆ ಯಂತ್ರಕ್ಕೂ ಎತ್ತಣಿಂದೆತ್ತ ಸಂಬಂಧ? ಆದರೂ ಮಗಳ ಮದುವೆಗೆ ಡ್ರೋನ್ ಹಾರಿಸಬೇಕು ಅಂತ ಯಾರಿಗಾದರೂ ಆಸೆ ಹುಟ್ಟಿದರೆ ನನ್ನ ಮೇಜಿನ ಹತ್ತಿರ ಬರುತ್ತಾರೆ. ಹೇಳುತ್ತೇನೆ. ಅಂಗೈಯಗಲದ ಆಟಿಕೆ ಬಿಟ್ಟರೆ ಮಿಕ್ಕ ಡ್ರೋನಿಗೆಲ್ಲ ನಂಬರು ಬೇಕು, ಹಾರಿಸುವವನಿಗೆ ಸರ್ಟಿಫಿಕೇಟು ಬೇಕು. ನಕ್ಷೆಯಲ್ಲಿ ನಿಮ್ಮ ಜಾಗ ಹಸಿರಾದರೆ ಸರಿ, ಹಳದಿಯಾದರೆ ಕೇಳಬೇಕು, ಕೆಂಪಾದರೆ ಸುಮ್ಮನೆ ಮನೆಗೆ ಹೋಗಬೇಕು. ಹಸಿರಿದ್ದರೂ ಠಾಣೆಗೆ ಒಂದು ಮಾತು ತಿಳಿಸುವುದು ಕ್ಷೇಮ. ಜನರ ತಲೆಯ ಮೇಲೆ ಹಾರಿಸುವ ಹಾಗಿಲ್ಲ. ಈ ಕೊನೆಯ ಮಾತು ಹೇಳುವಾಗ ನನ್ನ ದನಿ ಗಡುಸಾಗುತ್ತದಂತೆ. ಮೇಡಂಗೆ ಕೋಪ ಜಾಸ್ತಿ ಅಂದುಕೊಳ್ಳುತ್ತಾರೆ. ಜಾಸ್ತಿಯೇ, ಅದೇನೂ ಸುಳ್ಳಲ್ಲ.

ಇದನ್ನೆಲ್ಲ ನಾನು ಕಲಿತದ್ದು ಅತ್ತೆ ಕಳೆದುಹೋದಾಗ. ಅತ್ತೆ ಅಂದರೆ ಗಂಡನ ತಾಯಿಯಲ್ಲ, ನಮ್ಮಪ್ಪನ ಅಕ್ಕ. ಪೂರಿಗಾಲಿಗೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡು, ಮಕ್ಕಳಿಲ್ಲದೆ, ಮಳವಳ್ಳಿ ಕಡೆಯ ನಮ್ಮೂರಿಗೇ ವಾಪಸು ಬಂದವಳು. ಅವ್ವ ಗದ್ದೆಗೆ ಹೋದರೆ ನನಗೂ ನನ್ನ ತಮ್ಮನಿಗೂ ಅವಳೇ ಅವ್ವ. ಬಾಯಿ ಬಲು ಜೋರು. ಅವಳು ಬೈದರೆ ನಾಯಿಯೂ ಬಾಲ ಮುದುರಿ ಜಗಲಿ ಇಳಿಯುತ್ತಿತ್ತು. ಅಂಥವಳಿಗೆ ಈಚಿನ ವರ್ಷಗಳಲ್ಲಿ ಮರೆವು ಹಿಡಿಯಿತು. ಭಾನುವಾರ ನಾನು ಊರಿಗೆ ಹೋದರೆ, ‘ಯಾರ ಮಗ್ಳವ್ವ ನೀನು?’ ಅನ್ನುತ್ತಿದ್ದಳು. ನಿನ್ನ ತಮ್ಮನ ಮಗಳು ಕಣತ್ತೆ ಅಂದರೆ, ‘ಅವ್ನಿಗಿನ್ನೂ ಮದ್ವೆನೇ ಆಗಿಲ್ಲ, ಸುಳ್ಳು ಬೊಗಳ್ತೀಯಾ?’ ಅಂತ ಗದರುತ್ತಿದ್ದಳು. ನಾವು ನಗುತ್ತಿದ್ದೆವು. ನಗದೆ ಇನ್ನೇನು ಮಾಡುವುದು?

ಉಂಡದ್ದು ಮರೆತಳು, ಗಂಡ ಸತ್ತದ್ದು ಮರೆತಳು. ಸಂಜೆಯಾದರೆ ‘ಪೂರಿಗಾಲಿಗೆ ಓಯ್ತೀನಿ, ಅವ್ರು ಕಾಯ್ತಾವ್ರೆ’ ಅಂತ ಹೊರಡುತ್ತಿದ್ದಳು. ತಮ್ಮನ ಹೆಂಡತಿ ಪಾಪ, ಬಾಗಿಲಿಗೆ ಅಡ್ಡ ಕೂತುಕೊಂಡೇ ಅವರೆಕಾಯಿ ಸುಲಿಯುತ್ತಿದ್ದಳು. ಆವತ್ತು ತಮ್ಮ ಡೈರಿಗೆ ಹಾಲು ಹಾಕಲು ಹೋಗಿದ್ದ, ಅವಳು ಮಗುವಿಗೆ ನೀರು ಹುಯ್ಯುತ್ತಿದ್ದಳು. ಅಷ್ಟರೊಳಗೆ ಅತ್ತೆ ಹೊರಟುಬಿಟ್ಟಿದ್ದಳು.

ನಾನು ಮದ್ದೂರಿನಿಂದ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಊರಿಗೆ ಊರೇ ಕಬ್ಬಿನೊಳಗೆ ನುಗ್ಗಿತ್ತು. ಮಿಲ್ಲಿನಾಚೆ ಗದ್ದೆಬಯಲ ಕಡೆ ನಡೆದದ್ದನ್ನು ಒಬ್ಬರು ನೋಡಿದ್ದರು. ಕಟಾವಿಗೆ ಬಂದ ಕಬ್ಬು. ಅದರೊಳಗೆ ಕೈಯಳತೆಯಲ್ಲಿ ನಿಂತವರೂ ಕಾಣುವುದಿಲ್ಲ, ಗರಿ ಮುಖ ಕುಯ್ಯುತ್ತದೆ. ಜನ ಅಲ್ಲಲ್ಲಿ ನುಗ್ಗಿ, ‘ದೊಡ್ಡವ್ವೋ, ಓ ದೊಡ್ಡವ್ವೋ’ ಅಂತ ಕೂಗುತ್ತಿದ್ದರು. ಯಾವುದೋ ಮೂಲೆಯಿಂದ ಒಮ್ಮೆ ‘ಓ’ ಅಂದ ಹಾಗಾಯಿತು ಅಂತ ಇಬ್ಬರು ಹೇಳಿದರು. ಆ ಮೂಲೆ ಯಾವುದು ಅಂತ ಇಬ್ಬರೂ ಬೇರೆ ಬೇರೆ ಕಡೆ ಕೈ ತೋರಿಸಿದರು. ಕತ್ತಲಾಯಿತು.

ಬೆಳಗಾದೊಡನೆ ನಾನು ಡ್ರೋನ್ ತರುತ್ತೇನೆ ಅಂದೆ. ಮದ್ದೂರಿನಲ್ಲಿ ಮದುವೆ ಫೋಟೋ ತೆಗೆಯುವ ಸ್ಟುಡಿಯೋದವರೊಬ್ಬರು ನನಗೆ ಪರಿಚಯ, ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೂ ಅವರೇ ಬರುವುದು. ಫೋನು ಮಾಡಿದರೆ, ಮೊಬೈಲಿನಲ್ಲಿ ನಕ್ಷೆ ತೆಗೆದು ನೋಡಿದರು. ‘ನಿಮ್ಮೂರು ಅಸ್ರಲ್ಲೇ ಅದೆ ಮೇಡಂ. ಆದ್ರೆ ಮಂಡ್ಯಕ್ಕೆ ಯಾರೋ ದೊಡ್ಡವರು ಬತ್ತಾವ್ರೆ. ಕಾರ್ಯಕ್ರಮ ಮುಗ್ಯೋಗಂಟ ಇಡೀ ಜಿಲ್ಲೇಲಿ ಡ್ರೋನ್ ಬಂದ್ ಮಾಡವ್ರೆ. ಆರ್ಸುದ್ರೆ ಕಿತ್ಕಂಡು ಓಯ್ತಾರೆ, ನನ್ನ ಒಟ್ಟೆ ಮೇಲೆ ಒಡೀಬೇಡಿ’ ಅಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ ಇರಬೇಕು.

ಮಳವಳ್ಳಿಗೆ ಹೋದೆ. ಠಾಣೆಯಲ್ಲಿ ಅತ್ತೆಯ ವಿಷಯ ಬರೆದುಕೊಂಡರು, ಡ್ರೋನಿನ ವಿಷಯಕ್ಕೆ ಮಂಡ್ಯ ಅಂದರು. ಮಂಡ್ಯಕ್ಕೆ ಹೋದೆ. ಸ್ಟುಡಿಯೋದವರೂ ತಮ್ಮ ಸರ್ಟಿಫಿಕೇಟು, ಡ್ರೋನಿನ ನಂಬರು ಹಿಡಿದು ಅಲ್ಲಿಗೇ ಬಂದರು. ಪೊಲೀಸ್ ಕಚೇರಿಯಲ್ಲಿ ಎಲ್ಲರೂ ಬಂದೋಬಸ್ತಿನ ಗಡಿಬಿಡಿಯಲ್ಲಿದ್ದರು. ಕೂರಿ ಅಂದವರೇ ಇಲ್ಲ. ನಾನು ಕೂರಲೂ ಇಲ್ಲ. ಒಂದು ಹಂತದಲ್ಲಿ, ನಿಮ್ಮ ದೊಡ್ಡವರ ತಲೆಯ ಮೇಲೆ ಹಾರಿಸಲ್ಲ ಕಣ್ರೀ, ನಮ್ಮ ಮುದುಕಿಯ ತಲೆಯ ಮೇಲೆ ಹಾರಿಸ್ತೀವಿ ಅಂತ ಕೂಗಾಡಿದೆ. ಒಳಗಿದ್ದ ಅಧಿಕಾರಿ ಎದ್ದು ಬಂದರು. ಬೈಯುತ್ತಾರೆ ಅಂದುಕೊಂಡರೆ, ಟೀ ತರಿಸಿದರು. ಮೇಲಿನವರಿಗೆ ತಾವೇ ಫೋನು ಮಾಡಿ, ಅರ್ಧ ಗಂಟೆ ನನ್ನ ಪರವಾಗಿ ಬೇಡಿಕೊಂಡು, ಅನುಮತಿ ಬರೆಸಿಕೊಟ್ಟರು. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಒಂದಿಷ್ಟೂ ಸಿಟ್ಟಿಲ್ಲ.

‘ಒಂದು ವಿಷಯ ಮೇಡಂ’ ಅಂದರು, ‘ಹಾರಿಸುವಾಗ ಕೆಳಗೆ ಒಬ್ಬರೂ ಇರಬಾರದು. ಹುಡುಕುವವರನ್ನೆಲ್ಲ ಗದ್ದೆಯಿಂದ ಆಚೆ ಕರೆಸಿಬಿಡಿ. ನಮ್ಮ ಕಾನ್‌ಸ್ಟೇಬಲ್ ಬರ್ತಾರೆ, ಅವರ ಎದುರಿಗೇ ಆಗಲಿ.’ ಆಗಲಿ ಸಾರ್ ಅಂದೆ. ಯಾರಾದರೂ ಅನ್ನುತ್ತಿದ್ದರು. ಆ ಹಾಳೆಯನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದೆ.

ಊರು ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ತಮ್ಮ ಟ್ರ್ಯಾಕ್ಟರಿನ ಮೇಲೆ ನಿಂತು, ‘ಎಲ್ಲಾರೂ ಆಚೆ ಬನ್ರಪ್ಪೋ, ಡ್ರೋನ್ ಬಂತು’ ಅಂತ ಸಾರಿದ. ಮೈಯೆಲ್ಲ ಗೀರಿಸಿಕೊಂಡ ಜನ ಒಬ್ಬೊಬ್ಬರಾಗಿ ಹೊರಗೆ ಬಂದು ರಸ್ತೆಯಲ್ಲಿ ನಿಂತರು. ಅವರ ಮುಖದಲ್ಲಿ ಎಂಥ ನೆಮ್ಮದಿ! ಇನ್ನು ಮೇಲಿನಿಂದ ಎಲ್ಲ ಕಂಡುಬಿಡುತ್ತದಲ್ಲ ಅಂತ. ನನಗೂ ಹಾಗೇ ಅನ್ನಿಸಿತ್ತು. ಕೂಗು ನಿಂತು ಬಯಲೆಲ್ಲ ಮೌನವಾಯಿತು. ಆಮೇಲೆ ಡ್ರೋನ್ ಎದ್ದಿತು. ಅದರ ಸದ್ದು ಎಲ್ಲರಿಗೂ ಗೊತ್ತಿರುವುದೇ, ಗುಂಯ್ ಅಂತ ಕಿವಿ ತುಂಬುವ ಸದ್ದು. ಗದ್ದೆಯ ಮೇಲೆ ಬಂದು, ನಿಂತು, ತಗ್ಗಿ, ಮತ್ತೆ ಮುಂದಕ್ಕೆ ಹೋಯಿತು. ಸ್ಟುಡಿಯೋದವರು ಪರದೆಯಿಂದ ಕಣ್ಣು ಕೀಳದೆ ಒಂದೊಂದೇ ಗದ್ದೆ ನೋಡಿದರು. ಅವರ ಭುಜದ ಮೇಲಿನಿಂದ ನಾನೂ ನೋಡಿದೆ. ಕಬ್ಬು, ಬದು, ಕಾಲುವೆ, ಒಣಗಿದ ತರಗು. ಎಲ್ಲಿಯೂ ಅತ್ತೆ ಏಳಲಿಲ್ಲ, ಕೈ ಬೀಸಲಿಲ್ಲ.

‘ಈ ಬಯಲಲ್ಲಿ ಇಲ್ಲ ಮೇಡಂ’ ಅಂದರು. ಮನುಷ್ಯನೊಬ್ಬ ನೋಡಿ ಬಂದು ಇಲ್ಲ ಅಂದಿದ್ದರೆ ನಮ್ಮೂರವರು, ನೀನು ಸರಿಯಾಗಿ ನೋಡಿಲ್ಲ ಕಣ್ಲಾ ಅಂತ ಜಗಳ ತೆಗೆದು ತಾವೇ ಇನ್ನೊಮ್ಮೆ ನುಗ್ಗುತ್ತಿದ್ದರು. ಯಂತ್ರ ಇಲ್ಲ ಅಂದದ್ದಕ್ಕೆ ಯಾರೂ ಎದುರು ಆಡಲಿಲ್ಲ. ಹಾಗಾದರೆ ನೀರಿಗೆ ಬಿದ್ದಿರಬೇಕು ಅಂತ ಎಲ್ಲರೂ ನಾಲೆಯ ಕಡೆ ಹೊರಟೆವು. ನಾಲ್ಕು ಜನ ಶಿಂಷಾ ಹೊಳೆಗೂ ಹೋದರು.

ಮಾರನೇ ದಿನ ಹಸುವಿಗೆ ಹುಲ್ಲು ಕುಯ್ಯಲು ಹೋದ ಒಬ್ಬ ಹೆಂಗಸಿಗೆ ಅತ್ತೆ ಸಿಕ್ಕಳು. ಅದೇ ಬಯಲಿನಲ್ಲಿ, ಎರಡು ಗದ್ದೆಗಳ ನಡುವಿನ ಒಣಗಿದ ಕಾಲುವೆಯಲ್ಲಿ. ಬಿದ್ದಿರಲಿಲ್ಲ, ಮಲಗಿದ್ದಳು. ಬೋರಲಾಗಿ, ಸೆರಗನ್ನು ತಲೆ ತುಂಬ ಎಳೆದುಕೊಂಡು, ಕೈ ಎರಡನ್ನೂ ಎದೆಯ ಕೆಳಗೆ ಅವಿಸಿಕೊಂಡು, ಪಾದಗಳನ್ನು ಸೀರೆಯೊಳಗೆ ಮುದುರಿಕೊಂಡು. ತರಗಿನ ಬಣ್ಣದ ಹಳೇ ಸೀರೆ. ಆ ಹೆಂಗಸು ನನ್ನ ರಟ್ಟೆ ಹಿಡಿದುಕೊಂಡು, ‘ಎಜ್ಜೇನು ಅನ್ಕಂಡವ್ಳೆ ಕಣವ್ವ’ ಅಂದಳು. ಅವಳು ಹೇಳಬೇಕಾಗಿರಲಿಲ್ಲ. ಹಾಗೆ ಮಲಗುವುದು ಯಾಕೆ ಅಂತ ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು.

ಹೆಜ್ಜೇನು ಎದ್ದರೆ ಓಡಬಾರದು, ಕೈ ಬೀಸಬಾರದು. ಇದ್ದಲ್ಲೇ ಬೋರಲು ಬಿದ್ದು, ಸೆರಗೋ ಟವೆಲ್ಲೋ ಹೊದ್ದು, ಯಾರು ಏನೇ ಅಂದರೂ ಉಸಿರೆತ್ತದೆ ಇರಬೇಕು. ನಡೆಯಲು ಬಂದ ಮಕ್ಕಳಿಗೆ ನಮ್ಮ ಕಡೆ ಇದನ್ನೇ ಮೊದಲು ಕಲಿಸುವುದು. ನಮಗೆ ಕಲಿಸಿದವಳು ಅತ್ತೆಯೇ. ಒಮ್ಮೆ ಹುಣಸೇಮರದ ಜೇನು ಎದ್ದಾಗ ನನ್ನನ್ನೂ ತಮ್ಮನನ್ನೂ ನೆಲಕ್ಕೆ ಕೆಡವಿ, ನಮ್ಮ ಮೇಲೆ ಸೆರಗು ಹರಡಿ, ತನ್ನ ಬೆನ್ನನ್ನು ಜೇನಿಗೆ ಕೊಟ್ಟು ಮಲಗಿದ್ದಳು. ಬೆನ್ನೆಲ್ಲ ಊದಿಕೊಂಡು ವಾರಗಟ್ಟಲೆ ಮಗ್ಗುಲಾಗಿ ಮಲಗಿದಳು, ಮಲಗಿಕೊಂಡೇ ಎಲ್ಲರನ್ನೂ ಬೈದಳು.

ಆಸ್ಪತ್ರೆಯಲ್ಲಿ ಡಾಕ್ಟರು, ಜೀವ ಹೋಗಿ ತುಂಬ ಹೊತ್ತಾಗಿಲ್ಲ, ಇವತ್ತು ಬೆಳಗಿನ ಜಾವ ಇರಬೇಕು ಅಂದರು. ಅಂದರೆ ಡ್ರೋನ್ ಹಾರುವಾಗ ಇದ್ದಳು. ರಾತ್ರಿಯೆಲ್ಲ ಇದ್ದಳು. ತಮ್ಮ ಗೋಡೆಗೆ ತಲೆ ಚಚ್ಚಿಕೊಂಡು ಅತ್ತ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ತಿಥಿ ಆದ ಮೇಲೆ ಸ್ಟುಡಿಯೋಗೆ ಹೋಗಿ ಆ ವಿಡಿಯೋ ತೋರಿಸಿ ಅಂದೆ. ಬೇಡ ಮೇಡಂ ಅಂದರು. ತೋರಿಸಿ ಅಂದೆ. ಜಾಗ ಗೊತ್ತಿದ್ದರಿಂದ ಈಗ ಕಂಡಿತು. ಕಾಲುವೆಯ ತರಗಿನ ಮೇಲೆ ಒಂದು ಬಟ್ಟೆಯ ಗುಪ್ಪೆ. ಡ್ರೋನ್ ಅದರ ಮೇಲೆ ಬಂದು, ಸ್ವಲ್ಪ ಹೊತ್ತು ನಿಂತು, ನೋಡಿ, ಹೋಗುತ್ತದೆ. ಗುಪ್ಪೆ ಅಲ್ಲಾಡುವುದಿಲ್ಲ. ನನ್ನ ಹೆಸರು ಮರೆತವಳು, ಗಂಡನ ಸಾವು ಮರೆತವಳು ಇದೊಂದನ್ನು ಮರೆಯಬಾರದಿತ್ತೇ?

ಹೆಜ್ಜೇನಿನ ಪಾಠದಲ್ಲಿ ಇನ್ನೊಂದು ಮಾತಿದೆ. ಸದ್ದು ನಿಂತಿತು ಅಂತ ನಾವೇ ತೀರ್ಮಾನ ಮಾಡಿ ಏಳುವ ಹಾಗಿಲ್ಲ, ಜೇನು ತಿರುಗಿ ಬರುತ್ತದೆ. ದೂರದಲ್ಲಿ ನಿಂತು ನೋಡುವ ಯಾರಾದರೂ ‘ಜೇನು ಓದೊ ಕಣ್ರುಡ್ಲಾ, ಏಳಿ’ ಅಂತ ಕೂಗಬೇಕು. ಆ ಕೂಗು ಬರುವ ತನಕ ಮಲಗಿರಬೇಕು. ನಾವೆಲ್ಲ ಆಗ ನಾಲೆಯ ದಡದಲ್ಲಿದ್ದೆವು, ನೀರಿನ ಕಡೆ ಮುಖ ಮಾಡಿಕೊಂಡು ಅವಳನ್ನು ಕೂಗುತ್ತಿದ್ದೆವು.