ನಾಗರಾಜನ ಬಲ ಮೊಣಕಾಲು

ದುಡ್ಡಿನ ಕಬಡ್ಡಿ ಲೀಗ್ ಶುರುವಾದ ಹೊಸತು. ನಾನಾಗ ಭಟ್ಕಳದಲ್ಲಿ ಫಿಸಿಯೋಥೆರಪಿಸ್ಟ್. ತೆಂಗಿನಗುಂಡಿಯ ಮೀನುಗಾರರ ಮನೆಯ ನಾಗರಾಜ ನಮ್ಮ ಕಡೆಯಿಂದ ಲೀಗಿಗೆ ಹೋದ ಮೊದಲಿಗ. ಮರಳಲ್ಲಿ ಆಡಿ ಬೆಳೆದ ರೈಡರ್. ಅವನ ಆಟ ಟಿವಿಯಲ್ಲಿ ಬರುವ ಸಂಜೆ ಊರಲ್ಲಿ ಬೇರೆ ಮಾತೇ ಇರುತ್ತಿರಲಿಲ್ಲ.

ಎರಡನೇ ಸೀಸನ್‌ನಲ್ಲಿ ಎದುರಾಳಿಗಳು ಹಿಡಿದು ಕೆಡವಿದಾಗ ಅವನ ಬಲ ಮೊಣಕಾಲಿನ ಎಸಿಎಲ್ ಹರಿಯಿತು. ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿದಿಡುವ ಗಟ್ಟಿ ನಾರು ಅದು. ಮಂಗಳೂರಲ್ಲಿ ಆಪರೇಷನ್ ಆಯಿತು. ಕಾಲು ಸರಿಯಾದರೆ ಕ್ಯಾಂಪಿಗೆ ಬಾ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿತು ತಂಡ.

ತಿಂಗಳುಗಟ್ಟಲೆ ಅವನನ್ನು ದುಡಿಸಿದೆ. ಹೇಳಿದ್ದಕ್ಕಿಂತ ಹೆಚ್ಚು ಮಾಡಿ ನನ್ನಿಂದ ಬೈಸಿಕೊಳ್ಳುತ್ತಿದ್ದ. ಓಡಲು ಬಿಟ್ಟಿದ್ದೆ. ಸಮುದ್ರದ ಕೆಲಸಕ್ಕೆ ಮಾತ್ರ ಕೈ ಹಾಕಬೇಡ ಮಾರಾಯ ಎಂದಿದ್ದೆ. ಇನ್ನೇನು ಕ್ಯಾಂಪಿಗೆ ಹೊರಡಬೇಕು, ಅಷ್ಟರಲ್ಲಿ ಒಂದು ಬೆಳಿಗ್ಗೆ ಅಣ್ಣನ ಹೆಗಲು ಹಿಡಿದು ಕುಂಟುತ್ತ ಬಂದ. ಮೊಣಕಾಲು ಊದಿತ್ತು.

"ಎಂತ ಆತು?"

"ಹಗ್ಗ ಹಿಡ್ದೆ, ಮೇಡಂ."

ಕೈರಂಪಣಿ ಬಲೆಯ ಹಗ್ಗ. ದೋಣಿಯಲ್ಲಿ ಬಲೆ ಸುತ್ತು ಹಾಕಿ ಬಂದ ಮೇಲೆ ಅದನ್ನು ದಡದಿಂದ ಎಳೆಯುತ್ತಾರೆ. ಆ ಹೊತ್ತಿನಲ್ಲಿ ದಡದಲ್ಲಿದ್ದ ಊರವನು ಕೈಕಟ್ಟಿ ನಿಲ್ಲುವ ಪದ್ಧತಿಯೇ ಇಲ್ಲ. ಅವತ್ತು ಬಂಗುಡೆ ತುಂಬಿ ಬಲೆ ಭಾರವಾಗಿತ್ತಂತೆ. ಹಿಮ್ಮೆಟ್ಟಿ ಎಳೆಯುವಾಗ ಒದ್ದೆ ಮರಳಲ್ಲಿ ಪಾದ ಹೂತು, ಮೈ ತಿರುಗಿ, ಮೊಣಕಾಲು ಅಲ್ಲೇ ಉಳಿಯಿತು.

ಸಿಟ್ಟು ನೆತ್ತಿಗೇರಿತು. "ಯಾರು ಕರೆದ್ರು ನಿನ್ನ?"

"ಯಾರೂ ಕರೀಲಿಲ್ಲ. ಅಪ್ಪ ಎಳೀತಿದ್ದ. ನಾ ಕೂತ್ಕಂಡು ನೋಡುಕೆ ಆಗ್ತದಾ?"

ಮಂಚದ ಮೇಲೆ ಮಲಗಿಸಿ ಕೆಳಗಾಲನ್ನು ಮೆಲ್ಲಗೆ ಮುಂದಕ್ಕೆ ಎಳೆದೆ. ನಾರು ಸರಿ ಇದ್ದರೆ ಒಂದು ಹಂತದಲ್ಲಿ ಗಕ್ಕನೆ ತಡೆ ಸಿಗಬೇಕು. ಸಿಗಲಿಲ್ಲ. ಇನ್ನೊಮ್ಮೆ ಎಳೆದೆ. ಕಾಲು ಸುಮ್ಮನೆ ಬಂತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಗಟ್ಟಿ ಪಟ್ಟಿ ಕಟ್ಟಿ ಕೊಡಿ ಮೇಡಂ, ಕ್ಯಾಂಪಿಗೆ ಹೋಗಿ ಬತ್ತೆ."

ಆಗುವುದಿಲ್ಲ ಎಂದೆ. ಅವನ ಅಣ್ಣ ಗೋಡೆ ಕಡೆ ತಿರುಗಿ ನಿಂತಿದ್ದ. ನಾರು ಮತ್ತೆ ಹರಿದಿದೆ, ಇನ್ನು ಆಟ ಆಗದು ಎಂದು ಮಂಗಳೂರಿನ ಸರ್ಜನ್ನರೂ ಹೇಳಿದರು. ತಂಡ ಮತ್ತೆ ಕರೆಯಲಿಲ್ಲ.

ಮೊಣಕಾಲನ್ನು ಮಡಚುವುದು, ಚಾಚುವುದು, ಅದಕ್ಕೆ ಬಲ ತುಂಬುವುದು ನನಗೆ ಗೊತ್ತು. ಅಪ್ಪ ಹಗ್ಗ ಎಳೆಯುವಾಗ ಮಗನನ್ನು ಸುಮ್ಮನೆ ಕೂರಿಸುವುದು ಹೇಗೆಂದು ಇಷ್ಟು ವರ್ಷವಾದರೂ ಗೊತ್ತಾಗಿಲ್ಲ.