ಮೇಡಂ ತೆಗೆದುಕೊಂಡು ಹೋದ ಮಣ್ಣು

ಜಯಲಕ್ಷ್ಮಿ ಮೇಡಂ ಅವರ ವ್ಯಾನಿಟಿ ಬ್ಯಾಗಿನಲ್ಲಿ ಸದಾ ನಾಲ್ಕೈದು ಪೌಡರ್ ಡಬ್ಬಿಗಳಿರುತ್ತಿದ್ದವು. ಒಳಗೆ ಪೌಡರ್ ಅಲ್ಲ, ಮಣ್ಣು. ಸಾದಲಿಯ ಹೊಲದ್ದು, ಯಾರದೋ ಹಿತ್ತಿಲಿನದು, ಬಸ್ ಸ್ಟ್ಯಾಂಡಿನ ಚರಂಡಿ ಪಕ್ಕದ್ದು. ಎರಡು ಸಾವಿರದ ಐದರ ಸುಮಾರಿಗೆ ಅವರು ಚಿಂತಾಮಣಿಯ ಕಾಲೇಜಿನಲ್ಲಿ ನಮಗೆ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತಿದ್ದರು. ಕಲಿಸಿದ್ದಕ್ಕಿಂತ ಹೆದರಿಸಿದ್ದೇ ಹೆಚ್ಚು.

“ಸ್ಟ್ರೆಪ್ಟೊಮೈಸಿನ್ ಮಾಡಿದ್ದೇ ಮಣ್ಣಿನ ಬ್ಯಾಕ್ಟೀರಿಯಾ ಕಣಮ್ಮ. ತನ್ನ ಮದ್ದಿಗೆ ತಾನೇ ಸಾಯಬಾರದಲ್ಲ? ಅದಕ್ಕೇ ಒಂದು ಕಿಣ್ವ ಇಟ್ಕೊಂಡಿದೆ. ಅದು ಮದ್ದಿನ ಮೈಗೆ ಏನೋ ಒಂದು ಚೂರು ಅಂಟಿಸಿಬಿಡುತ್ತೆ. ಆಮೇಲೆ ಮದ್ದು ಕೂರೋ ಜಾಗದಲ್ಲಿ ಕೂರಲ್ಲ. ಆ ವಿದ್ಯೇನ ಪಕ್ಕದ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತೆ. ದೇವುಡಾ, ನನಗಂತೂ ನಿದ್ದೆ ಬರಲ್ಲ!” ನಾವು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು.

ಒಮ್ಮೆ ನಾನು ಬಾಯಿತಪ್ಪಿ ಮನೆಯ ವಿಷಯ ಹೇಳಿಬಿಟ್ಟೆ. ರೇಷ್ಮೆ ಹುಳು ಸಾಯುತ್ತವೆಂದು ಅಪ್ಪ ಅದೇ ಜಾತಿಯ ಜೆಂಟಮೈಸಿನ್ ತಂದು ಸೊಪ್ಪಿಗೆ ಚಿಮುಕಿಸುತ್ತಿದ್ದರು. ಹುಳು ಸಾಕುವ ತಟ್ಟೆಯ ಕಸವೆಲ್ಲ ಹಿಪ್ಪುನೇರಳೆ ತೋಟಕ್ಕೇ ಗೊಬ್ಬರ. ಮುಂದಿನ ಭಾನುವಾರವೇ ಮೇಡಂ ಆ ತೋಟದ ಮಣ್ಣು ನೋಡಬೇಕೆಂದು ಡಬ್ಬಿ ಹಿಡಿದು ನಮ್ಮೂರು ದಿಬ್ಬೂರಹಳ್ಳಿಯಲ್ಲಿ ಬಸ್ ಇಳಿದರು.

ಹುಳುಮನೆಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. “ಅಲ್ಲೇ ಬಿಟ್ಬಿಡಿ ಮೇಡಂ, ಹುಳಕ್ಕೆ ರೋಗ ತಗಲುತ್ತೆ” ಎಂದಳು ಅಮ್ಮ. ಮೇಡಂ ಬಿಟ್ಟರು. ಹುಳು ನೋಡಿ, ಹಿಂಬಾಗಿಲಿನಿಂದ ಹಾಗೇ ಬರಿಗಾಲಲ್ಲಿ ತೋಟಕ್ಕಿಳಿದರು. ಕೊಯ್ದ ಗಿಡದ ಕೂಳೆ ಅಂಗಾಲಿಗೆ ಚುಚ್ಚಿತು. ರಕ್ತ ಒರೆಸಿಕೊಂಡು, ಡಬ್ಬಿಗೆ ಮಣ್ಣು ತುಂಬಿಕೊಂಡೇ ಹೋದರು.

ವಾರದೊಳಗೆ ಕಾಲು ಬಾತು ಚಿಕ್ಕಬಳ್ಳಾಪುರದ ಆಸ್ಪತ್ರೆ ಸೇರಿದರು. ಸಕ್ಕರೆ ಕಾಯಿಲೆ ಬೇರೆ. ಕೊಡುತ್ತಿದ್ದುದು ಜೆಂಟಮೈಸಿನ್ನೇ, ಜ್ವರ ಇಳಿಯಲಿಲ್ಲ. ನೋಡಲು ಹೋದಾಗ ಮೇಡಂ ನನ್ನ ಕೈಗೆ ಒಂದು ಸೀಸೆ ಕೊಟ್ಟರು. “ಪರೀಕ್ಷೆಗೆ ಬೆಂಗಳೂರಿಗೆ ಕಳಿಸ್ಬೇಕಂತೆ, ತಡ ಆಗುತ್ತೆ. ಈ ಕೀವು ತಗೊಂಡೋಗಿ ನಮ್ಮ ಲ್ಯಾಬಲ್ಲಿ ಪ್ಲೇಟ್ ಹಾಕಮ್ಮ. ಯಾವ ಮದ್ದಿಗೆ ಸಾಯುತ್ತೆ ನೋಡು” ಎಂದರು.

ನಾನು ಆ ಸೀಸೆಯನ್ನು ಎರಡು ದಿನ ಫ್ರಿಜ್ಜಿನಲ್ಲಿಟ್ಟೆ. ಜೆಂಟಮೈಸಿನ್‌ಗೆ ಜಗ್ಗದಿದ್ದರೆ ಆ ರೋಗಾಣು ನಮ್ಮ ತೋಟದ್ದೇ ಎಂದಾಗುತ್ತದಲ್ಲ? ಅಪ್ಪನಿಗೆ ಏನು ಹೇಳಲಿ? ಚಪ್ಪಲಿ ಬಿಡಿಸಿದೆನೆಂದು ಅಮ್ಮ ಜೀವಮಾನವಿಡೀ ಕೊರಗುತ್ತಾಳೆ. ಮೂರನೆಯ ದಿನ ತಡೆಯಲಾರದೆ ಕೀವನ್ನು ಪ್ಲೇಟಿಗೆ ಸವರಿ, ಮೇಲೆ ಒಂದೊಂದು ಮದ್ದಿನ ಬಿಲ್ಲೆ ಇಟ್ಟೆ. ಮರುದಿನ ನೋಡಿದರೆ ಜೆಂಟಮೈಸಿನ್ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದಿತ್ತು. ಅಮಿಕಾಸಿನ್ ಎಂಬ ಇನ್ನೊಂದು ಮದ್ದಿನ ಬಿಲ್ಲೆಯ ಸುತ್ತ ಮಾತ್ರ ಏನೂ ಬೆಳೆದಿರಲಿಲ್ಲ. ಅದು ತೋಟದ್ದೋ ಬೇರೆಲ್ಲಿಯದೋ, ಪ್ಲೇಟ್ ಹೇಳುವುದಿಲ್ಲ.

ಆಸ್ಪತ್ರೆಗೆ ಓಡಿದೆ. ಡಾಕ್ಟರು ತಕ್ಷಣ ಮದ್ದು ಬದಲಿಸಿದರು. ಮೇಡಂ ಪ್ಲೇಟನ್ನು ಬೆಳಕಿಗೆ ಹಿಡಿದರು.

“ಚೆನ್ನಾಗಿ ಹಾಕಿದೀಯ ಕಣಮ್ಮ” ಎಂದರು. ಆಮೇಲೆ ನನ್ನ ಮುಖ ನೋಡಿ, “ಬೆಳೆಯೋಕೆ ನಾಲ್ಕು ದಿನ ಹಿಡೀತಾ?” ಎಂದು ಕೇಳಿದರು.

“ಹೂಂ ಮೇಡಂ” ಎಂದೆ.

ಅವರು ಪ್ಲೇಟನ್ನು ನನ್ನ ಕೈಗೆ ವಾಪಸು ಕೊಟ್ಟರು. ಮರುದಿನ ಸಂಜೆ ತೀರಿಕೊಂಡರು. ಬೆಳೆಯಲು ಒಂದೇ ದಿನ ಸಾಕೆಂದು ನನಗೆ ಕಲಿಸಿದವರೇ ಅವರು.