ವಂಡ್ಸೆಯ ಅಜ್ಜನ ಒಗೆದ ಬಟ್ಟೆ

ಮೊನ್ನೆ ಕೋಟದಲ್ಲಿ ಬಸ್ಸಿಗೆ ಕಾಯುವಾಗ ಪಕ್ಕದ ಹೆಂಗಸು ಬಟ್ಟೆಯ ಚೀಲ ಬಿಚ್ಚಿದರು. ಬಿಸಿಲಿಗೆ ಒಣಗಿದ ಬಟ್ಟೆಯ ಆ ಬೆಚ್ಚನೆ ವಾಸನೆ... ಥಟ್ಟನೆ ಜೈಲು ನೆನಪಾಯಿತು, ಜೊತೆಗೆ ಅಲ್ಲಿ ನನ್ನ ಕೋಣೆಯಲ್ಲಿದ್ದ ವಂಡ್ಸೆ ಊರಿನ ಅಜ್ಜ.

ಹೊಡೆದಾಟದ ಕೇಸಿನಲ್ಲಿ ನಾನು ಮೂರು ತಿಂಗಳು ವಿಚಾರಣಾಧೀನ ಕೈದಿಯಾಗಿದ್ದೆ. ಹತ್ತು ಜನರ ಕೋಣೆಯಲ್ಲಿ ಇಪ್ಪತ್ತು ಜನ; ಒಬ್ಬ ಮಗ್ಗುಲು ಬದಲಿಸಿದರೆ ಸಾಲಿಗೆ ಸಾಲೇ ಹೊರಳಬೇಕು. ನೀರು ಬರುತ್ತಿದ್ದದ್ದು ಬೆಳಿಗ್ಗೆ ಒಂದಿಷ್ಟು ಹೊತ್ತು. ಒಗೆದದ್ದನ್ನು ಕಿಟಕಿಯ ಸರಳಿಗೆ ಸಿಕ್ಕಿಸಿದರೆ ಒಣಗದೆ ಮುಗ್ಗುಲು ನಾರುತ್ತಿತ್ತು. ಎಲ್ಲರಿಗೂ ತುರಿಕಜ್ಜಿ, ಅಜ್ಜ ಒಬ್ಬರನ್ನು ಬಿಟ್ಟು.

ಜಮೀನಿನ ಗಡಿ ಜಗಳದಲ್ಲಿ ಸಿಕ್ಕಿಬಿದ್ದಿದ್ದ ಅವರಿಗೆ ಇದ್ದದ್ದು ಒಬ್ಬ ತಂಗಿ. ಪ್ರತಿ ಬುಧವಾರ ಆಕೆ ಬಂದು ಕೊಳೆ ಬಟ್ಟೆ ಒಯ್ದು, ಒಗೆದು ಒಣಗಿಸಿದ್ದನ್ನು ಕೊಟ್ಟು, ಜಾಲರಿಯಾಚೆ ನಿಂತು ಮಾತಾಡಿ ಹೋಗುತ್ತಿದ್ದರು. ಬ್ರಹ್ಮಾವರದಿಂದ ನನ್ನ ಮನೆಯವರು ಒಮ್ಮೆಯೂ ಬರಲಿಲ್ಲ. ಅಜ್ಜ ಅಂಗಿ ಕೊಡವಿದಾಗೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಮುಚ್ಚಿಡುವುದೇಕೆ, ಆ ಮುದುಕನ ಸುಖ ನನ್ನ ಕಣ್ಣಿಂದ ನೋಡಲಾಗುತ್ತಿರಲಿಲ್ಲ.

ಒಂದು ಬುಧವಾರ ಅಜ್ಜ ಜ್ವರ ಬಂದು ಮಲಗಿದವರು ನಿದ್ದೆ ಹೋಗಿದ್ದರು. ಸಿಬ್ಬಂದಿಯೊಬ್ಬ ಬಾಗಿಲಿಗೆ ಬಂದು, ಅವರ ತಂಗಿ ಕಾಯುತ್ತಿದ್ದಾರೆ ಎಂದ.

"ಅವ್ರ್ ಬತ್ತಿಲ್ಲೆ ಅಂಬ್ರ್. ಕಾಂಬುದೇ ಬ್ಯಾಡ ಅಂದ್ರ್," ಎಂದೆ ನಾನು.

ಬಟ್ಟೆಯ ಗಂಟು ಮಾತ್ರ ಒಳಗೆ ಬಂತು. ಎದ್ದ ಅಜ್ಜ ಅದನ್ನು ನೋಡಿ ಪೆಚ್ಚಾದರು. "ನನ್ನ ಎಬ್ಸುಕ್ ಆಯಿಲ್ಯಾ ಮಾಣಿ? ಇರ್ಲಿ, ಬಪ್ಪ ವಾರ ಬತ್ಲ್," ಎಂದು ಒಂದು ಅಂಗಿ ತೆಗೆದು ನನಗೇ ಕೊಟ್ಟರು. ಹಾಕಿಕೊಂಡೆ. ಆದರೂ ಉರಿ ತಣಿಯಲಿಲ್ಲ.

ವಾರ ತುಂಬುವುದರೊಳಗೆ, ಇಲ್ಲಿ ಜಾಗವಿಲ್ಲವೆಂದು ಅವರನ್ನು ದೂರದ ಜೈಲಿಗೆ ಸಾಗಿಸಿದರು. ತಂಗಿಗೆ ಅಷ್ಟು ದೂರ ಹೋಗಲಾಗಲಿಲ್ಲ. ಅಜ್ಜ ಅಲ್ಲೇ ತೀರಿಕೊಂಡರು.

ಬಿಡುಗಡೆಯಾದ ಮೇಲೆ ತಪ್ಪೊಪ್ಪಿಕೊಳ್ಳಲೆಂದೇ ವಂಡ್ಸೆಗೆ ಹೋದೆ. ಆ ತಂಗಿ ನನ್ನನ್ನು ಕೂರಿಸಿ ಗಂಜಿ ಬಡಿಸಿದರು. ಆಮೇಲೆ ಕೇಳಿದರು, "ಅಣ್ಣ ನನ್ನ ಕಾಂಬುದ್ ಬ್ಯಾಡ ಅಂದದ್ ಎಂತಕೆ? ನಾನ್ ಎಂತ ತಪ್ಪ್ ಮಾಡ್ದೆ?"

ಗೋಡೆಯ ಮೇಲೆ ಅಜ್ಜನ ಫೋಟೊ ಇತ್ತು. ಸತ್ತ ಮೇಲೂ ಈ ಮುದುಕನಿಗೆ ಅಳುವವರಿದ್ದಾರಲ್ಲ ಎಂದು ಆಗಲೂ ನನಗೆ ಹೊಟ್ಟೆಕಿಚ್ಚು.

"ಗೊತ್ತಿಲ್ಲೆ ಅಮ್ಮ," ಎಂದುಬಿಟ್ಟೆ.

ಅಜ್ಜ ಹೋಗಿ ಎಷ್ಟೋ ವರ್ಷಗಳಾದವು... ತಂಗಿ ಈಗಲೂ ಇದ್ದಾರಂತೆ. ಕೊನೆಗೆ ಅಣ್ಣನಿಗೆ ತನ್ನ ಮುಖವೇ ಬೇಡವಾಯಿತು ಎಂದು ನಂಬಿಕೊಂಡಿದ್ದಾರೆ. ವಂಡ್ಸೆಗೆ ಬಸ್ಸು ದಿನಾ ಹೋಗುತ್ತದೆ. ನಾನು ಹತ್ತಿಲ್ಲ.